ಒಂದೇ ಚೀಲಕ್ಕೆ ಎಂಟು ಕೈ

ಸುಂಟಿಕೊಪ್ಪ
ಜೂನ್ 3, 2025

ವಿಶಾಲಾಕ್ಷಮ್ಮ ಅವರಿಗೆ,

ಮಳೆನೀರಿನ ಲೆಕ್ಕ ಹಾಕಲು ನೀವು ಬರೆದ ‘ಹರವು’ ಸಾಫ್ಟ್‌ವೇರ್ ಲೈಬ್ರರಿ ಒಂದೇ ನೆಲದ ನಕ್ಷೆಯನ್ನು ಎಂಟು ಸಲ ಮೆಮೊರಿಯಲ್ಲಿ ತುಂಬಿಸಿಕೊಳ್ಳುತ್ತದೆ. ಇದು ಅನ್ಯಾಯ. ಈ ಅನ್ಯಾಯದಿಂದಾಗಿ ನಮ್ಮ ಲೈನ್ ಮನೆಗಳ ಹಿಂದಿನ ಬರೆ ಯಾವ ನಕ್ಷೆಯಲ್ಲೂ ಇಲ್ಲ.

ನನ್ನ ಹೆಸರು ಶೋಭಿತಾ. ಸುಂಟಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಅಮ್ಮನ ಹೆಸರು ಚೋಮಿ, ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾಳೆ. ಎಸ್ಟೇಟಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಮ್ಮನ ಕೆಲಸಕ್ಕೆ ಕುತ್ತು. ಗುಡ್ಡವನ್ನು ನೆಟ್ಟಗೆ ಕಡಿದು, ಆ ಕಡಿದ ಮಣ್ಣಿನ ಗೋಡೆಗೆ, ಅಂದರೆ ಬರೆಗೆ, ಬೆನ್ನು ಕೊಟ್ಟು ಕೆಲಸದವರಿಗೆ ಸಾಲಾಗಿ ಹನ್ನೊಂದು ಮನೆ, ಅಂದರೆ ಲೈನ್, ಕಟ್ಟಿದ್ದಾರೆ. ಬರೆಯ ಎತ್ತರ ಇಪ್ಪತ್ತು ಅಡಿ. ಪ್ರತಿ ಮಳೆಗಾಲದಲ್ಲಿ ನಾವು ಮ್ಯಾನೇಜರ್ ಬಳಿ ಬೇರೆ ಜಾಗ ಕೇಳುತ್ತೇವೆ. ಪ್ರತಿ ಮಳೆಗಾಲದಲ್ಲೂ ಅವರು ಒಂದು ಸಲಹಾ ಸಂಸ್ಥೆ ತಯಾರಿಸಿದ ಅಪಾಯದ ನಕ್ಷೆ ತೋರಿಸಿ, ‘ನೋಡಿ, ನಿಮ್ಮದು ಹಸಿರು’ ಎನ್ನುತ್ತಾರೆ.

ಆ ನಕ್ಷೆಯನ್ನು ನಿಮ್ಮ ಲೈಬ್ರರಿಯಿಂದ ಮಾಡಿದ್ದಾರೆ. ಅದರಲ್ಲಿ ನೆಲವನ್ನು ಮೂವತ್ತು ಮೀಟರಿನ ಚೌಕಗಳಾಗಿ ಕತ್ತರಿಸಿದ್ದಾರೆ. ನಮ್ಮ ಮನೆಗಳು, ಹಿಂದಿನ ಬರೆ, ಮುಂದಿನ ಜೀಪ್ ದಾರಿ, ಎಲ್ಲ ಒಂದೇ ಚೌಕದೊಳಗೆ ಬಿದ್ದಿವೆ. ಸರಾಸರಿ ತೆಗೆದರೆ ಅಲ್ಲಿ ಸಣ್ಣ ಇಳಿಜಾರು ಮಾತ್ರ ಉಳಿಯುತ್ತದೆ. ಬರೆ ಕಾಣಬೇಕಾದರೆ ಐದು ಮೀಟರಿನ ಚೌಕ ಬೇಕು. ಐದು ಮೀಟರಿನ ಎತ್ತರದ ಅಂಕಿಗಳನ್ನು ಒಬ್ಬ ಸಂಶೋಧಕರನ್ನು ಕಾಡಿ ಪಡೆದಿದ್ದೇನೆ. ಕಾರ್ಮಿಕ ಸಂಘದ ಕೋಣೆಯಲ್ಲಿ ಹದಿನಾರು ಜಿಬಿ ಮೆಮೊರಿಯ ಒಂದು ಹಳೆಯ ಕಂಪ್ಯೂಟರ್ ಇದೆ. ಹಾರಂಗಿಗೆ ಹರಿಯುವ ಇಡೀ ಪ್ರದೇಶದ ಅಂಕಿ ಸೇರಿದರೂ ಮೂರು ಜಿಬಿ ಆಗುವುದಿಲ್ಲ. ಆದರೆ ನಿಮ್ಮ ಲೈಬ್ರರಿ ಕೆಲಸವನ್ನು ಎಂಟು ಜನ ಕೆಲಸಗಾರರಿಗೆ, ಅಂದರೆ ಒಟ್ಟಿಗೆ ಓಡುವ ಎಂಟು ಪ್ರೋಗ್ರಾಮುಗಳಿಗೆ, ಹಂಚುತ್ತದೆ. ಪ್ರತಿಯೊಬ್ಬ ನೋಡಿಕೊಳ್ಳುವುದು ಒಂದು ಪಟ್ಟಿ ನೆಲವನ್ನು ಮಾತ್ರ. ಆದರೂ ಪ್ರತಿಯೊಬ್ಬನ ಕೈಗೂ ಇಡೀ ನಕ್ಷೆಯ ಪ್ರತಿ ಕೊಡುತ್ತೀರಿ. ಇಪ್ಪತ್ತೊಂದು ಜಿಬಿ ಆಗುತ್ತದೆ. ಕಂಪ್ಯೂಟರ್ ಕೈಚೆಲ್ಲುತ್ತದೆ.

ಒಂದೇ ಪ್ರತಿಯನ್ನು ಎಂಟು ಜನ ನೋಡುವಂತೆ ಯಾಕೆ ಮಾಡಿಲ್ಲ? ನಿಮ್ಮ ಪ್ರಾಜೆಕ್ಟ್ ಪುಟದಲ್ಲಿ ಮೂರು ಸಲ ಕೇಳಿದೆ. ಉತ್ತರ ಬರಲಿಲ್ಲ. ಆದ್ದರಿಂದ ನೇರವಾಗಿ ಇಮೇಲ್ ಬರೆಯುತ್ತಿದ್ದೇನೆ.

ಶೋಭಿತಾ


ಪುಣೆ
ಜೂನ್ 9, 2025

ಶೋಭಿತಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಲೈಬ್ರರಿ ಬಳಸುತ್ತಿರುವುದಕ್ಕೆ ಸಂತೋಷ.

ಪ್ರತಿ ಕೆಲಸಗಾರನಿಗೂ ಪೂರ್ಣ ಪ್ರತಿ ಕೊಡುವುದು ವೇಗಕ್ಕಾಗಿ. ಯಾರೂ ಯಾರನ್ನೂ ಕಾಯಬೇಕಿಲ್ಲ. ನಮ್ಮ ಸಂಸ್ಥೆಯ ಯಂತ್ರಗಳಲ್ಲಿ ಮೆಮೊರಿ ಸಾಕಷ್ಟಿರುವುದರಿಂದ ಇದು ತೊಂದರೆ ಎನಿಸಿಲ್ಲ. ನೀವು ಒಬ್ಬನೇ ಕೆಲಸಗಾರನನ್ನು ಇಟ್ಟುಕೊಂಡು ಓಡಿಸಬಹುದು. ಒಂದೇ ಪ್ರತಿ ಆಗುತ್ತದೆ, ನಿಧಾನ ಅಷ್ಟೆ. ಇಲ್ಲವೇ ನಿಮ್ಮ ಕಾಲೇಜಿನಲ್ಲಿ ದೊಡ್ಡ ಯಂತ್ರ ಇದ್ದರೆ ಕೇಳಿ ನೋಡಿ. ಪ್ರಾಜೆಕ್ಟ್ ವರದಿ ಸಲ್ಲಿಸುವ ಕೊನೆಯ ದಿನ ಯಾವುದೆಂದು ತಿಳಿಸಿದರೆ ಅದಕ್ಕೆ ತಕ್ಕ ಸಲಹೆ ಕೊಡಬಲ್ಲೆ.

ಹಂಚಿಕೊಳ್ಳುವುದು ಹೇಳಲು ಸುಲಭ. ಮಾಡಲು ಅಷ್ಟು ಸುಲಭವಲ್ಲ.

ವಿಶಾಲಾಕ್ಷಮ್ಮ


ಸುಂಟಿಕೊಪ್ಪ
ಜೂನ್ 14, 2025

ವಿಶಾಲಾಕ್ಷಮ್ಮ ಅವರಿಗೆ,

ನನಗೆ ಕಾಲೇಜಿಲ್ಲ. ಪಿಯುಸಿಗೆ ನಿಲ್ಲಿಸಿದೆ. ನಾನು ಕಲಿತದ್ದೆಲ್ಲ ಜೆರಾಕ್ಸಿಗೆ ಬಂದ ಕಿರುಹೊತ್ತಗೆಗಳಿಂದ. ಸಂಘದ ಕರಪತ್ರ, ಸ್ವತಂತ್ರ ತಂತ್ರಾಂಶದವರು ಹಂಚಿದ ಹದಿನಾರು ಪುಟದ ಪುಸ್ತಿಕೆ, ಮಡಿಕೇರಿಯ ಒಂದು ಸಭೆಯ ಮೇಜಿನಿಂದ ಎತ್ತಿಕೊಂಡ ಕಟ್ಟು. ವರದಿ ಸಲ್ಲಿಸುವ ಕೊನೆಯ ದಿನ ಯಾವುದು ಎಂದು ಕೇಳಿದ್ದೀರಿ. ಯಾವ ದಿನ ಹತ್ತು ಇಂಚು ಮಳೆ ಬೀಳುತ್ತದೋ ಅದೇ ದಿನ.

ಒಬ್ಬ ಕೆಲಸಗಾರನನ್ನು ಇಟ್ಟು ಓಡಿಸಿ ನೋಡಿದ್ದೇನೆ. ಒಂದು ದಿನದ ಮಳೆಯ ಲೆಕ್ಕಕ್ಕೆ ನಲವತ್ತು ಗಂಟೆ ಬೇಕು. ಜೂನ್ ತಿಂಗಳಲ್ಲಿ ಸುಂಟಿಕೊಪ್ಪದಲ್ಲಿ ನಲವತ್ತು ಗಂಟೆ ಕರೆಂಟ್ ಇದ್ದದ್ದನ್ನು ಯಾರೂ ನೋಡಿಲ್ಲ. ಇದ್ದರೂ, ನಿನ್ನೆಯ ಮಳೆಗೆ ನಾಡಿದ್ದು ಎಚ್ಚರಿಕೆ ಸಿಕ್ಕಿ ಏನು ಪ್ರಯೋಜನ?

ನಿಮ್ಮ ಪತ್ರವನ್ನು ಮನೆಯಲ್ಲಿ ಓದಿ ಹೇಳಿದೆ. ಪಕ್ಕದ ಮನೆಯ ಜವರಿ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

“ಎಂತ ಹೇಳ್ತಾರೆ ಆ ಮೇಡಂ?”

“ಎಂಟು ಜನರ ಹತ್ರ ಎಂಟು ನಕ್ಷೆ ಇದ್ರೆ ಕೆಲ್ಸ ಬೇಗ ಆಗ್ತದಂತೆ ಅಜ್ಜಿ.”

“ಒಂದು ಮನೇಲಿ ಎಂಟು ಒಲೆ ಹಚ್ಚಿದ್ರೆ ಅನ್ನನೂ ಬೇಗ ಆಗ್ತದೆ. ಸೌದೆ ಇವ್ರ ಅಪ್ಪ ತರ್ತಾನಾ?”

ಅಮ್ಮ ಎಷ್ಟು ನಕ್ಕಳೆಂದರೆ ಚಹಾ ಚೆಲ್ಲಿತು.

ನಮ್ಮ ಲೈನಿನಲ್ಲಿ ಒಂದು ಪದ್ಧತಿ ಇದೆ, ಕೇಳಿ. ಕಾಫಿ ಪಿಕಿಂಗ್ ಸಮಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ ಕೊಡುತ್ತಾರೆ. ಬೇರೆ ಕಡೆ ಒಬ್ಬೊಬ್ಬರಿಗೂ ಒಂದೊಂದು ಚೀಲ. ನಮ್ಮ ಅಮ್ಮಂದಿರು ಹಾಗೆ ಮಾಡುವುದಿಲ್ಲ. ಸಾಲು ಬೇರೆ ಬೇರೆ, ಚೀಲ ಒಂದೇ. ಜವರಿ ಅಜ್ಜಿಯ ಕೈ ನಡುಗುತ್ತದೆ, ಅಮ್ಮನ ಕೈ ಓಡುತ್ತದೆ. ತೂಕದ ಹೊತ್ತಿಗೆ ಯಾರದು ಎಷ್ಟು ಎಂದು ಯಾರೂ ಕೇಳುವುದಿಲ್ಲ. ಹದಿನೈದು ವರ್ಷದಿಂದ ಹೀಗೇ ನಡೆದಿದೆ. ಹಣ್ಣು ಎಂದೂ ಕಡಿಮೆಯಾಗಿಲ್ಲ. ಓದು ಬಾರದವರು ಇಷ್ಟು ಮಾಡಬಲ್ಲರಾದರೆ ನಿಮ್ಮ ಲೈಬ್ರರಿಯ ಕೆಲಸಗಾರರಿಗೆ ಏನು ಬಂದಿದೆ?

ನೀವು ಮಾಡದಿದ್ದರೆ ನಾನೇ ಮಾಡುತ್ತೇನೆ. ಲೈಬ್ರರಿಯ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ಫೋನ್ ನಂಬರ್ ಕೊಡುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನು ನಾಳೆ ಹೇಳಿಲ್ಲ ಅನ್ನಬಹುದು. ಬರೆದದ್ದು ಉಳಿಯುತ್ತದೆ.

ಶೋಭಿತಾ


ಪುಣೆ
ಜೂನ್ 19, 2025

ಶೋಭಿತಾ ಅವರಿಗೆ,

ಕಾಲೇಜು ಎಂದು ಊಹಿಸಿದ್ದು ನನ್ನ ತಪ್ಪು. ಜವರಿ ಅಜ್ಜಿಗೆ ಉತ್ತರ ಹೇಳುವಷ್ಟು ನಾನು ಜಾಣೆಯಲ್ಲ.

ಮಾಡಲೇಬೇಕೆಂದಿದ್ದರೆ, ನೆಲದ ಅಂಕಿ ತುಂಬುವ ಭಾಗ ಯಾವ ಕಡತದಲ್ಲಿದೆ, ಒಂದೇ ಯಂತ್ರದ ಕೆಲಸಗಾರರು ಒಂದೇ ಮೆಮೊರಿ ತುಂಡನ್ನು ನೋಡುವಂತೆ ಮಾಡುವ ಆಜ್ಞೆ ಯಾವುದು ಎಂಬುದನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ನೀವು ಎಲ್ಲಿ ಎಡವುತ್ತೀರಿ ಎಂಬುದೂ ನನಗೆ ಗೊತ್ತು. ಅದನ್ನು ಈಗ ಹೇಳುವುದಿಲ್ಲ. ನಾನೂ ಎಡವಿಯೇ ಕಲಿತವಳು. ಹೇಳಿಕೊಟ್ಟದ್ದು ಕೈಗೆ ಹತ್ತುವುದಿಲ್ಲ.

ಆತುರ ಬೇಡ. ಮುಗಿದ ಮೇಲೆ ನನಗೆ ಕಳಿಸಿ, ನೋಡುತ್ತೇನೆ.

ವಿಶಾಲಾಕ್ಷಮ್ಮ


ಸುಂಟಿಕೊಪ್ಪ
ಜುಲೈ 8, 2025

ವಿಶಾಲಾಕ್ಷಮ್ಮ ಅವರಿಗೆ,

ಆಯಿತು. ಇಪ್ಪತ್ತೊಂದು ಜಿಬಿ ಇದ್ದದ್ದು ಮೂರು ಪಾಯಿಂಟ್ ನಾಲ್ಕಕ್ಕೆ ಇಳಿದಿದೆ. ಐದು ಮೀಟರಿನ ಚೌಕ, ಎಂಟು ಕೆಲಸಗಾರರು, ಒಂದು ದಿನದ ಮಳೆಯ ಲೆಕ್ಕ ಐದೂವರೆ ಗಂಟೆಯಲ್ಲಿ ಮುಗಿಯಿತು. ಕರೆಂಟ್ ಹೋಗುವ ಹದಿನೈದು ನಿಮಿಷ ಮೊದಲು.

ನೆಲದ ನಕ್ಷೆಯನ್ನು ಮಾತ್ರವಲ್ಲ, ನೀರಿನ ಲೆಕ್ಕ ಬರೆಯುವ ಪಟ್ಟಿಯನ್ನೂ ಒಂದೇ ಮಾಡಿದ್ದೇನೆ. ಅದನ್ನೂ ನೀವು ಎಂಟು ಮಾಡಿದ್ದಿರಿ. ಅರ್ಧ ಕ್ರಾಂತಿ ಮಾಡಿ ಕೂರುವುದು ನನಗೆ ಆಗದು. ಈಗ ಯಾರಿಗೂ ಸ್ವಂತದ್ದು ಎಂಬುದೇ ಇಲ್ಲ. ಸಾಲು ಬೇರೆ, ಚೀಲ ಒಂದೇ.

ಮಳೆಯ ಅಂಕಿಗಳು ಎಸ್ಟೇಟ್ ಆಫೀಸಿನ ರಿಜಿಸ್ಟರಿನವು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ, ಅಂದರೆ ಇಂಚಿನ ನೂರನೇ ಒಂದು ಪಾಲಿನ ಲೆಕ್ಕದಲ್ಲಿ, ಬರೆದಿಡುತ್ತಾರೆ. ಅವು ನನ್ನ ಕೈಗೆ ಹೇಗೆ ಬಂದವು ಎಂದು ಕೇಳಬೇಡಿ. ಕಳೆದ ವರ್ಷದ ಅತಿ ದೊಡ್ಡ ಮಳೆಯನ್ನು ಕೊಟ್ಟು ನೋಡಿದೆ. ನಮ್ಮ ಲೈನಿನ ಹಿಂದಿನ ಬರೆ ಉದ್ದಕ್ಕೂ ಕೆಂಪು. ಹಸಿರು ಎಂದವರ ಮುಖಕ್ಕೆ ಹಿಡಿಯಲು ಈಗ ನನ್ನ ಬಳಿ ಕನ್ನಡಿ ಇದೆ. ಅಲ್ಲಿಂದ ಇನ್ನೂರು ಮೀಟರ್ ದೂರದ, ಮಳೆಗಾಲದಲ್ಲಿ ಬಳಕೆಯಿಲ್ಲದ ಒಂದು ಕಟ್ಟಡ ಹಸಿರಾಗಿದೆ.

ಕಡತ, ನಕ್ಷೆ ಎರಡನ್ನೂ ಕಳಿಸಿದ್ದೇನೆ. ನೀವು ನೋಡುತ್ತೇನೆ ಎಂದಿದ್ದಿರಿ, ಅದಕ್ಕಾಗಿ. ನನಗೆ ಅನುಮಾನವಿಲ್ಲ. ಮುಂದಿನದು ನಮ್ಮ ಕೆಲಸ.

ಶೋಭಿತಾ


ಪುಣೆ
ಜುಲೈ 21, 2025

ಶೋಭಿತಾ,

ಎರಡು ವಾರ ಪ್ರಯಾಣದಲ್ಲಿದ್ದೆ. ನಿಮ್ಮ ಕಡತವನ್ನು ತೆರೆದದ್ದು ನಿನ್ನೆ. ಮೊದಲು ಮುಖ್ಯವಾದದ್ದು: ಆ ನಕ್ಷೆಯನ್ನು ಯಾರಿಗೂ ತೋರಿಸಬೇಡಿ.

ಅದನ್ನು ಎರಡು ಸಲ ಓಡಿಸಿದೆ. ಅದೇ ನೆಲ, ಅದೇ ಮಳೆ. ಎರಡು ಬೇರೆ ಉತ್ತರ ಬಂತು. ಬಿದ್ದ ಮಳೆಯಷ್ಟು ನೀರು ಕೊನೆಯಲ್ಲಿ ಲೆಕ್ಕಕ್ಕೆ ಸಿಗಬೇಕು, ಸಿಗುತ್ತಿಲ್ಲ. ಎರಡು ಸಲವೂ ಕಡಿಮೆ, ಎರಡು ಸಲವೂ ಬೇರೆ ಬೇರೆಯಷ್ಟು ಕಡಿಮೆ.

ನಿಮ್ಮ ಅಮ್ಮಂದಿರ ಚೀಲದಲ್ಲಿ ತಪ್ಪಿಲ್ಲ. ಚೀಲಕ್ಕೆ ಸುರಿದ ಹಣ್ಣು ಚೀಲದಲ್ಲೇ ಇರುತ್ತದೆ. ಮೆಮೊರಿಯಲ್ಲಿ ಹಾಗೆ ಸುರಿಯಲು ಬರುವುದಿಲ್ಲ. ಕೆಲಸಗಾರ ಮೊದಲು ಚೀಲದಲ್ಲಿ ಎಷ್ಟಿದೆ ಎಂದು ನೋಡುತ್ತಾನೆ, ಹತ್ತು ಎಂದಿಟ್ಟುಕೊಳ್ಳಿ. ತನ್ನ ಎರಡನ್ನು ಮನಸ್ಸಿನಲ್ಲೇ ಕೂಡಿಸಿ, ಹತ್ತನ್ನು ಅಳಿಸಿ ಹನ್ನೆರಡು ಎಂದು ಬರೆಯುತ್ತಾನೆ. ಅದೇ ಕ್ಷಣದಲ್ಲಿ ಪಕ್ಕದವನೂ ಹತ್ತನ್ನೇ ನೋಡಿ, ತನ್ನ ಮೂರನ್ನು ಕೂಡಿಸಿ ಹದಿಮೂರು ಎಂದು ಬರೆದರೆ? ಹದಿನೈದಾಗಬೇಕಿದ್ದ ಕಡೆ ಹದಿಮೂರು ಉಳಿಯಿತು. ಮೊದಲನೆಯವನ ನೀರು ಹೋಯಿತು, ಹೋದದ್ದು ಯಾರಿಗೂ ತಿಳಿಯಲಿಲ್ಲ. ನಕ್ಷೆಯನ್ನು ಎಲ್ಲರೂ ಓದುತ್ತಾರೆ, ಅದನ್ನು ಹಂಚಿಕೊಂಡರೆ ತೊಂದರೆಯಿಲ್ಲ. ಬರೆಯುವ ಪಟ್ಟಿ ಅವರವರದೇ ಇರಬೇಕಿತ್ತು.

ಈ ನೀರು ಕಳೆದುಹೋಗುವುದು ಒಬ್ಬನ ನೆಲದ ಪಟ್ಟಿ ಮುಗಿದು ಇನ್ನೊಬ್ಬನದು ಶುರುವಾಗುವ ಗಡಿಯಲ್ಲಿ. ಅಲ್ಲಿ ನೆಲ ಇರುವುದಕ್ಕಿಂತ ಒಣಗಿದಂತೆ ಕಾಣುತ್ತದೆ. ನೀವು ಹಸಿರು ಎಂದ ಕಟ್ಟಡ ಸರಿಯಾಗಿ ನಾಲ್ಕನೆಯ ಮತ್ತು ಐದನೆಯ ಪಟ್ಟಿಗಳ ಗಡಿಯ ಮೇಲಿದೆ.

ತಕ್ಷಣ ಉತ್ತರಿಸಿ.

ವಿಶಾಲಾಕ್ಷಮ್ಮ


ಪುಣೆ
ಜುಲೈ 22, 2025

ಶೋಭಿತಾ,

ಉತ್ತರ ಬಂದಿಲ್ಲ. ಕೊಡಗಿನಲ್ಲಿ ಟವರುಗಳು ನಿಂತಿವೆ ಎಂದು ಸುದ್ದಿಯಲ್ಲಿ ಓದಿದೆ. ನಿಮ್ಮ ನಂಬರ್ ನನ್ನ ಬಳಿ ಇಲ್ಲ, ಎಸ್ಟೇಟಿನ ಹೆಸರೂ ಇಲ್ಲ.

ನಿಮ್ಮ ಹಿಂದಿನ ಪತ್ರವನ್ನು ಇವತ್ತು ಮತ್ತೆ ಓದಿದೆ. ‘ಮುಂದಿನದು ನಮ್ಮ ಕೆಲಸ’ ಎಂದಿದ್ದೀರಿ. ಆ ಕೆಲಸ ಏನೆಂದು ನಾನು ಆಗ ಕೇಳಲಿಲ್ಲ. ಈಗ ಊಹಿಸಲು ಹೆದರಿಕೆ. ಆ ಕಟ್ಟಡದಲ್ಲಿ ಯಾರಾದರೂ ಇದ್ದಾರೆಯೇ?

ನೀವು ಕಳಿಸಿದ ಕಡತದಲ್ಲಿ ಅಕ್ಷಾಂಶ ರೇಖಾಂಶಗಳಿವೆ. ಉಪಗ್ರಹ ಚಿತ್ರದಲ್ಲಿ ಆ ಜಾಗ ನೋಡಿದೆ. ಉದ್ದನೆಯ ತಗಡಿನ ಮಾಡು, ಪಕ್ಕದಲ್ಲಿ ತೊಟ್ಟಿ. ಪಲ್ಪರ್ ಶೆಡ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಜಾಗ. ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಕೊಡ್ಲಿಪೇಟೆಯ ಪಕ್ಕದ ಹಳ್ಳಿಯವಳು, ಶನಿವಾರಸಂತೆಯಲ್ಲಿ ಹೈಸ್ಕೂಲು ಓದಿದವಳು. ಇದನ್ನು ಜೂನ್ ತಿಂಗಳಲ್ಲೇ ಹೇಳಬಹುದಿತ್ತು.

ಆ ಜಾಗ ಯಾವ ಎಸ್ಟೇಟಿನದೆಂದು ತಿಳಿದುಕೊಂಡು ಅದರ ಆಫೀಸಿನ ನಂಬರ್ ಹುಡುಕಿದ್ದೇನೆ. ಲ್ಯಾಂಡ್‌ಲೈನ್. ಈಗ ಫೋನ್ ಮಾಡುತ್ತೇನೆ. ನಿಮಗೆ ಇದು ಇಷ್ಟವಾಗುವುದಿಲ್ಲ ಎಂದು ಗೊತ್ತು.

ವಿಶಾಲಾಕ್ಷಮ್ಮ


ಸುಂಟಿಕೊಪ್ಪ
ಜುಲೈ 24, 2025
(ಅಂಚೆಯಲ್ಲಿ)

ವಿಶಾಲಾಕ್ಷಮ್ಮನವರೇ,

ಆರು ದಿನದಿಂದ ಇಲ್ಲಿ ಟವರ್ ಸತ್ತಿದೆ, ಆದ್ದರಿಂದ ಕಾಗದದಲ್ಲಿ ಬರೆಯುತ್ತಿದ್ದೇನೆ. ನೀವು ಎಸ್ಟೇಟ್ ಆಫೀಸಿಗೆ ಫೋನ್ ಮಾಡಿದಿರಿ. ಹೆಸರು ಹೇಳುವುದಿಲ್ಲ, ಅಮ್ಮನ ಕೆಲಸಕ್ಕೆ ಕುತ್ತು ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ನೀವು ಹುಡುಕಿ ಹುಡುಕಿ ಅವರ ಕಿವಿಗೇ ಹಾಕಿದಿರಿ.

ಈಗ ಮುಚ್ಚಿಡಲು ಏನೂ ಉಳಿದಿಲ್ಲ, ಹೇಳುತ್ತೇನೆ. ಜುಲೈ ಹತ್ತರಂದು ಹನ್ನೊಂದು ಮನೆಯವರನ್ನೂ ಲೈನಿನಿಂದ ಎಬ್ಬಿಸಿ ಪಲ್ಪರ್ ಶೆಡ್ಡಿಗೆ ಕರೆತಂದಿದ್ದೇನೆ. ಮ್ಯಾನೇಜರನ್ನು ಕೇಳಲಿಲ್ಲ. ಬೀಗ ಒಡೆದೆವು. ಎಲ್ಲರೂ ನನ್ನ ಮಾತಿಗೆ ಬಂದರು. ಹದಿನಾಲ್ಕು ದಿನದಿಂದ ಅಲ್ಲೇ ಒಲೆ, ಅಲ್ಲೇ ಚಾಪೆ.

ನಿನ್ನೆ ಬೆಳಿಗ್ಗೆ ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ತೀರ್ಥಪ್ರಸಾದ್ ಪ್ಯಾಂಟ್ ಮಡಚಿಕೊಂಡು, ಕೊಡೆ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು.

“ಶೋಭಿತಾ, ಪುಣೆಯಿಂದ ಒಬ್ರು ಮೇಡಂ ಫೋನ್ ಮಾಡಿದ್ರು. ನಿನ್ನ ನಕ್ಷೆ ತಪ್ಪಂತೆ. ಎಲ್ರೂ ಇಲ್ಲಿಂದ ಏಳ್ಬೇಕಂತೆ.”

“ಎದ್ದು ಎಲ್ಲಿಗೆ ರೈಟ್ರೇ? ಮತ್ತೆ ಲೈನಿಗಾ?”

“ಅದೆಲ್ಲ ನಂಗೊತ್ತಿಲ್ಲ. ಹೇಳಿ ಅಂದ್ರು, ಹೇಳ್ದೆ.”

“ಮ್ಯಾನೇಜರ್ ಹೇಳಿಸ್ತಿರೋದಲ್ವಾ ಇದು?”

“ಮ್ಯಾನೇಜರ್ ಕಳ್ಸಿದ್ರೆ ಜೀಪ್ ಕೊಡ್ತಿದ್ರು. ನಾನು ಹೀಗೆ ಜಿಗಣೆ ಕಚ್ಚಿಸ್ಕೊಂಡು ಬರ್ತಿದ್ನಾ?”

ನಾನು ಎಲ್ಲರ ಎದುರು ಹೇಳಿದೆ: ಇದು ನಮ್ಮನ್ನು ಹೊರಗೆ ಹಾಕುವ ಉಪಾಯ, ಯಾರೂ ಏಳಬೇಡಿ. ಯಾರೂ ಏಳಲಿಲ್ಲ.

ಒಂದು ತಿಂಗಳು ನನಗೆ ಸಲಹೆ ಕೊಟ್ಟಂತೆ ಮಾಡಿ ಕೊನೆಗೆ ಯಾರ ಪಕ್ಷ ಸೇರಿದಿರಿ? ನಿಮ್ಮ ಲೈಬ್ರರಿಯನ್ನು ಒಬ್ಬ ಜೆರಾಕ್ಸ್ ಅಂಗಡಿಯ ಹುಡುಗಿ ತಿದ್ದಿದ್ದು ನಿಮಗೆ ಸಹಿಸಲಾಗಲಿಲ್ಲ. ಅಷ್ಟೇ.

ಶೋಭಿತಾ


ಸುಂಟಿಕೊಪ್ಪ
ಜುಲೈ 27, 2025

ಮೇಡಂ,

ಇವತ್ತು ಬೆಳಿಗ್ಗೆ ಟವರ್ ಬಂತು. ನಿಮ್ಮ ಎರಡೂ ಪತ್ರಗಳನ್ನು ಅಂಗಡಿಯಲ್ಲಿ ನಿಂತು ಓದಿದೆ. ಮೊನ್ನೆ ಒಂದು ಕಾಗದ ಅಂಚೆಗೆ ಹಾಕಿದ್ದೇನೆ. ಅದು ನಿಮ್ಮನ್ನು ತಲುಪುವ ಮೊದಲು ಇದು ತಲುಪಲಿ.

ನಿಮ್ಮ ಮಾತನ್ನು ನಂಬಲು ಮನಸ್ಸು ಒಪ್ಪಲಿಲ್ಲ. ಸಂಘದ ಕೋಣೆಗೆ ಹೋಗಿ ಒಂದೇ ಒಂದು ಗಂಟೆಯ ಮಳೆಯನ್ನು ಎರಡು ಸಲ ಓಡಿಸಿದೆ. ಎರಡು ಉತ್ತರ ಬಂತು. ಮೂರನೇ ಸಲ ಓಡಿಸಿದೆ. ಮೂರನೆಯ ಉತ್ತರ ಬಂತು. ಜುಲೈ ಎಂಟಕ್ಕೆ ನಾನು ಇದನ್ನು ಒಂದು ಸಲ ಮಾತ್ರ ಓಡಿಸಿದ್ದೆ. ನನಗೆ ಬೇಕಾದ ಉತ್ತರ ಸಿಕ್ಕಿತ್ತು, ಮತ್ತೊಮ್ಮೆ ಕೇಳಲಿಲ್ಲ.

ಬಸ್ಸಿಗೆ ಕಾಯಲಿಲ್ಲ. ನಡೆದೇ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಶೆಡ್ಡಿನೊಳಗೆ ಹೋದಾಗ ಎಲ್ಲರೂ ಗಂಜಿ ಕುಡಿಯುತ್ತಿದ್ದರು. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

“ನಾನು ತಪ್ಪು ಮಾಡ್ದೆ” ಎಂದೆ.

ಅಮ್ಮ ತಟ್ಟೆ ಕೆಳಗಿಟ್ಟಳು. “ಯಾವ್ದು ತಪ್ಪು? ಲೈನಿಂದ ಎಬ್ಸಿದ್ದಾ, ಇಲ್ಲಿ ಕೂರ್ಸಿದ್ದಾ?”

“ಇಲ್ಲಿ ಕೂರ್ಸಿದ್ದು. ಮತ್ತೆ ರೈಟ್ರು ಬಂದಾಗ ಏಳ್ಬೇಡಿ ಅಂದಿದ್ದು.”

ಅಮ್ಮನ ತಮ್ಮ ರಾಜು ಮಾವ ನಕ್ಕ. ಒಳ್ಳೆಯ ನಗು ಆಗಿರಲಿಲ್ಲ. “ಈಗ ಪಾತ್ರೆ ಕಟ್ಟಿದ್ರೆ ಎರಡನೇ ಸಲ. ಮೂರನೇ ಸಲಕ್ಕೆ ನೀನೇ ಹೊತ್ಕೊಂಡು ಹೋಗು ಮಾರಾಯ್ತಿ. ನಾಳೆ ನಿನ್ನ ಕಂಪ್ಯೂಟರ್ ಹೊಳೆಗೆ ಹಾರಿ ಅಂದ್ರೆ?”

ಜವರಿ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. “ಕಂಪ್ಯೂಟರ್ ಹೇಳಿದ್ರೆ ನಾನು ಏಳೋದಿಲ್ಲ. ಬರೆ ಹೇಳಿದ್ರೆ ಏಳ್ತೇನೆ. ನಡಿ, ತೋರ್ಸು.”

ಶೆಡ್ಡಿನ ಹಿಂದೆಯೂ ಒಂದು ಬರೆ ಇದೆ, ಅದರ ಮೇಲಕ್ಕೆ ಹತ್ತಿದೆವು. ಹದಿನೇಳು ದಿನದಲ್ಲಿ ನಾನು ಒಂದು ಸಲವೂ ಅಲ್ಲಿಗೆ ಹತ್ತಿರಲಿಲ್ಲ, ನಕ್ಷೆ ನೋಡಿದ್ದೆನಲ್ಲ. ಅಜ್ಜಿ ಜರಿ ಗಿಡಗಳನ್ನು ಕೋಲಿನಿಂದ ಸರಿಸುತ್ತ ಹೋದರು. ಬರೆಯ ನೆತ್ತಿಯಲ್ಲಿ, ಗಿಡಗಳ ಅಡಿಯಲ್ಲಿ, ನೆಲ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಅಜ್ಜಿ ಮಣಿಕಟ್ಟಿನವರೆಗೆ ಕೈ ಇಳಿಸಿ ಒಂದು ಹರಿದ ಬೇರನ್ನು ಹಿಡಿದು ನೋಡಿದರು.

“ಇದು ಹೊಸ್ದು. ಬೇರು ಇನ್ನೂ ಬೆಳ್ಳಗೈತೆ, ನೋಡು.”

ಕೆಳಗಿಳಿದು ಅವರೇ ಮೊದಲು ತಮ್ಮ ಪಾತ್ರೆ ಕಟ್ಟಿದರು. ಆಮೇಲೆ ಉಳಿದವರೂ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಪಂಚಾಯಿತಿಯ ಸಮುದಾಯ ಭವನದಲ್ಲಿದ್ದೆವು. ನಮ್ಮ ಸಾಮಾನು ಸಾಗಿಸಲು ಗಾಡಿ ತಂದವರು ತೀರ್ಥಪ್ರಸಾದ್. ಅವರನ್ನು ನಾನು ಎಲ್ಲರೆದುರು ಮ್ಯಾನೇಜರನ ಏಜೆಂಟ್ ಎಂದಿದ್ದೆ. ಕ್ಷಮೆ ಕೇಳಿದೆ. “ಮೊದ್ಲು ಆ ಮೂಟೆ ಹಿಡಿ” ಎಂದರು.

ಬರೆ ಇನ್ನೂ ಬಿದ್ದಿಲ್ಲ. ಬಿದ್ದಿಲ್ಲ ಎಂಬುದೇ ಈಗ ನನ್ನ ಕಷ್ಟ. ರಾಜು ಮಾವ ಸಂಜೆ ಹೋಗಿ ನೋಡಿ ಬಂದು, ‘ಇದ್ದಲ್ಲೇ ಇದೆ’ ಎಂದ. ಭವನವನ್ನು ಮದುವೆಗೆ ಕೊಟ್ಟಿದ್ದಾರೆ, ಆಗಸ್ಟ್ ಹದಿನೆಂಟಕ್ಕೆ ನಾವು ಬಿಡಬೇಕು. ಮ್ಯಾನೇಜರ್, ಅವತ್ತು ಎಲ್ಲರೂ ಲೈನಿಗೆ ವಾಪಸ್ ಬರಬೇಕು ಎಂದಿದ್ದಾರೆ. ಬೇಡ ಎಂದು ನಾನು ಹೇಳಿದರೆ ಈಗ ಯಾರು ಕೇಳುತ್ತಾರೆ?

ಶೋಭಿತಾ


ಪುಣೆ
ಆಗಸ್ಟ್ 2, 2025

ಶೋಭಿತಾ,

ನಿಮ್ಮ ಅಂಚೆಯ ಕಾಗದ ನಿನ್ನೆ ಬಂತು. ಅದರಲ್ಲಿ ಬೈದದ್ದನ್ನು ಪೂರ್ತಿ ವಾಪಸ್ ತೆಗೆದುಕೊಳ್ಳಬೇಡಿ. ಸ್ವಲ್ಪ ನನಗೆ ಸೇರಬೇಕಾದದ್ದೇ.

ಎಂಟು ಪ್ರತಿ ವೇಗಕ್ಕಾಗಿ ಎಂದು ಬರೆದಿದ್ದೆ. ಅದು ಸುಳ್ಳು. ಹನ್ನೆರಡು ವರ್ಷದ ಹಿಂದೆ ನಾನೂ ಎಲ್ಲವನ್ನೂ ಒಂದೇ ಮಾಡಿದ್ದೆ, ನೀವು ಮಾಡಿದಂತೆಯೇ. ಒಂದು ಹೊಳೆಯ ಪ್ರವಾಹದ ಅಂಕಿ ಕಡಿಮೆ ಬಂತು. ಹೊರಗೆ ಹೋಗುವ ಮೊದಲು ಸಹೋದ್ಯೋಗಿಯೊಬ್ಬರು ಹಿಡಿದರು. ಯಾವುದನ್ನು ಹಂಚಬಹುದು, ಯಾವುದನ್ನು ಹಂಚಬಾರದು ಎಂದು ಕೂತು ಬೇರ್ಪಡಿಸುವ ಧೈರ್ಯ ಬರಲಿಲ್ಲ. ಎಲ್ಲರಿಗೂ ಎಲ್ಲದರ ಪ್ರತಿ ಕೊಟ್ಟುಬಿಟ್ಟೆ. ಕೈಪಿಡಿಯಲ್ಲಿ ವೇಗ ಎಂದು ಬರೆದೆ. ಅದೇ ಕಲ್ಲಿಗೆ ನೀವು ಎಡವುತ್ತೀರಿ ಎಂದು ಗೊತ್ತಿದ್ದೂ ಹೇಳದೆ ಉಳಿದೆ. ಮೇಷ್ಟರ ಜಂಬ. ಆ ಜಂಬದ ಅಡಿಯಲ್ಲಿ ಹದಿನೇಳು ದಿನ ಹನ್ನೊಂದು ಸಂಸಾರ ಮಲಗಿದ್ದವು.

ಇನ್ನೊಂದಿದೆ. ನಿಮ್ಮ ಮ್ಯಾನೇಜರ್ ತೋರಿಸುವ ನಕ್ಷೆ ಮಾಡಿದ ಸಲಹಾ ಸಂಸ್ಥೆಯವರು ಆರು ವರ್ಷದ ಹಿಂದೆ ನನಗೆ ಬರೆದಿದ್ದರು. ತಮ್ಮ ಯಂತ್ರ ಚಿಕ್ಕದು, ಎಷ್ಟು ದೊಡ್ಡ ಚೌಕ ಇಟ್ಟುಕೊಳ್ಳಬಹುದು ಎಂದು. ‘ಮೂವತ್ತು ಮೀಟರ್ ಸಾಕು’ ಎಂದು ಒಂದು ಸಾಲಿನಲ್ಲಿ ಉತ್ತರಿಸಿದೆ. ಯಾವ ಊರಿನ ನೆಲ ಎಂದು ಕೇಳಲೂ ಇಲ್ಲ. ನಿಮ್ಮ ಮೊದಲ ಪತ್ರ ಓದಿದ ದಿನವೇ ಆ ಸಾಲು ನೆನಪಾಗಿತ್ತು.

ಈ ವಾರ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ನೆಲದ ನಕ್ಷೆ ಒಂದೇ ಪ್ರತಿ, ಎಂಟೂ ಜನ ಅದನ್ನೇ ನೋಡುತ್ತಾರೆ. ಅದು ನಿಮ್ಮ ಕೆಲಸ, ಒಂದಕ್ಷರವನ್ನೂ ಬದಲಿಸಿಲ್ಲ. ಬರೆಯುವ ಪಟ್ಟಿ ಅವರವರದು, ಆದರೆ ತಮ್ಮ ಸಾಲಿನಷ್ಟು ಮಾತ್ರ. ಗಡಿ ದಾಟಿದ ನೀರನ್ನು ಪಕ್ಕದವನ ಪಟ್ಟಿಗೆ ತಾನೇ ಬರೆಯದೆ ಅವನ ಕೈಗೆ ಕೊಡುತ್ತಾನೆ. ಎಲ್ಲ ಸೇರಿ ನಾಲ್ಕು ಪಾಯಿಂಟ್ ಒಂದು ಜಿಬಿ. ನಿಮ್ಮ ಯಂತ್ರಕ್ಕೆ ಸಾಕು.

ಏಳು ಸಲ ಓಡಿಸಿದೆ. ಏಳು ಸಲವೂ ಒಂದೇ ಉತ್ತರ. ಬಿದ್ದ ನೀರಷ್ಟೂ ಲೆಕ್ಕಕ್ಕೆ ಸಿಕ್ಕಿತು. ಲೈನಿನ ಬರೆ ಕೆಂಪು, ಅದರಲ್ಲಿ ನೀವು ತಪ್ಪಿರಲಿಲ್ಲ. ಪಲ್ಪರ್ ಶೆಡ್ಡೂ ಕೆಂಪು. ಕಾಫಿ ಒಣಗಿಸುವ ಕಣದ ಪಕ್ಕದ ಗೋಡೌನ್ ಹಸಿರು. ಆದರೂ ಯಾರಾದರೂ ಅದರ ಸುತ್ತಲಿನ ನೆಲವನ್ನು ನಡೆದು ನೋಡಿದ ಮೇಲೆ ನಂಬಿ. ಜವರಿ ಅಜ್ಜಿ ಒಪ್ಪಿದರೆ ಅವರೇ ನೋಡಲಿ.

ನಿಮ್ಮ ಹೆಸರನ್ನು ಲೈಬ್ರರಿಯಲ್ಲಿ ನನ್ನ ಹೆಸರಿನ ಪಕ್ಕದಲ್ಲಿ ಹಾಕಿದ್ದೇನೆ. ಬೇಡವಾದರೆ ಹೇಳಿ.

ವಿಶಾಲಾಕ್ಷಮ್ಮ


ಸುಂಟಿಕೊಪ್ಪ
ಆಗಸ್ಟ್ 6, 2025

ಮೇಡಂ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಆರು ವರ್ಷ ‘ನಿಮ್ಮದು ಹಸಿರು’ ಎಂದು ಕೇಳಿದವರು ನಾವು. ಆ ಸಿಟ್ಟು ಇನ್ನೂ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅದು ನಿಮ್ಮ ಕೈಪಿಡಿಯ ಸಾಲಿನಂತಾಗುತ್ತದೆ. ಹೆಸರು ಇರಲಿ. ತಪ್ಪಾದಾಗ ಯಾರನ್ನು ಕೇಳಬೇಕೆಂದು ಜನರಿಗೆ ಗೊತ್ತಿರಬೇಕು.

ನಿನ್ನೆ ಅಮ್ಮ, ಜವರಿ ಅಜ್ಜಿ, ರಾಜು ಮಾವ, ತೀರ್ಥಪ್ರಸಾದ್ ಎಲ್ಲರೂ ಕೂಡಿ ಗೋಡೌನಿನ ಸುತ್ತ ನಡೆದೆವು. ಅಜ್ಜಿ ಎರಡು ಕಡೆ ಕೋಲು ಊರಿ ನೋಡಿ, ‘ಪರ್ವಾಗಿಲ್ಲ’ ಎಂದರು. ಆಮೇಲೆ ಮ್ಯಾನೇಜರ್ ಬಳಿ ಹೋಗಿ, ಮಳೆಗಾಲ ಮುಗಿಯುವವರೆಗೆ ಗೋಡೌನಿನ ಬೀಗದ ಕೈ ಕೇಳಿದೆವು. ನಾನು ಹೊಸ ನಕ್ಷೆ ಮುಂದಿಟ್ಟೆ.

ಅವರು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು. “ಜುಲೈಯಲ್ಲಿ ಒಂದು ನಕ್ಷೆ, ಆಗಸ್ಟ್‌ನಲ್ಲಿ ಒಂದು ನಕ್ಷೆ. ಸೆಪ್ಟೆಂಬರ್‌ದು ಯಾವಾಗ ಬರ್ತದೆ?”

ಅಮ್ಮ ಮಾತಾಡಿದಳು. ಇಪ್ಪತ್ತು ವರ್ಷದಲ್ಲಿ ಅವಳು ಆ ಆಫೀಸಿನಲ್ಲಿ ಕೂತು ಮಾತಾಡಿದ್ದು ಇದೇ ಮೊದಲು.

“ನನ್ನ ಮಗಳು ತಪ್ಪು ಮಾಡಿದ್ಲು ಸರ್. ಅವಳೇ ಬಂದು ಹೇಳಿದ್ಲು, ಅದಕ್ಕೆ ನಾವು ಎದ್ವಿ. ನಿಮ್ಮ ನಕ್ಷೆ ಮಾಡಿದೋರು ಯಾರಾದ್ರೂ ಬಂದು ಹೇಳಿದ್ದಾರಾ?”

ಮ್ಯಾನೇಜರ್ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, ಆ ಪುಣೆಯ ಮೇಡಂ ಬರಲಿ, ಯಂತ್ರ ನನ್ನ ಕಣ್ಣೆದುರೇ ಮೂರು ಸಲ ಒಂದೇ ಉತ್ತರ ಕೊಡಲಿ, ಹಳೆಯ ನಕ್ಷೆ ಯಾಕೆ ತಪ್ಪು ಎಂದು ಆ ಮೇಡಮ್ಮೇ ಹೇಳಲಿ, ಆಗ ಬೀಗದ ಕೈ ಕೊಡುತ್ತೇನೆ ಎಂದರು. ಕೊಡದೆಯೂ ಇರಬಹುದು. ಬೀಗ ಒಡೆಯುವುದು ನನಗೆ ಗೊತ್ತು. ಈ ಸಲ ಒಡೆಯಲು ಇಷ್ಟವಿಲ್ಲ. ಕೇಳಿ ಪಡೆಯಬೇಕು, ಎಲ್ಲರೆದುರು.

ಆದ್ದರಿಂದ ನೀವು ನನಗೆ ಬರೆದದ್ದು ಸಾಲದು. ಆ ಒಂದು ಸಾಲಿನ ಉತ್ತರದ ವಿಷಯವನ್ನು ಹನ್ನೊಂದು ಮನೆಯವರ ಎದುರು, ಮ್ಯಾನೇಜರ್ ಎದುರು, ಕನ್ನಡದಲ್ಲಿ, ನಿಮ್ಮ ಬಾಯಿಂದ ಹೇಳಬೇಕು. ಕಷ್ಟವಾಗುತ್ತದೆ. ನನಗೂ ಆಯಿತು. ಗಂಜಿ ಕುಡಿಯುತ್ತಿದ್ದವರೆಲ್ಲ ತಟ್ಟೆ ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ. ರಾಜು ಮಾವ ಏನಾದರೂ ಚುಚ್ಚಿ ಹೇಳೇ ಹೇಳುತ್ತಾನೆ. ಜವರಿ ಅಜ್ಜಿ ಸೌದೆಯ ಪ್ರಶ್ನೆಯನ್ನು ಮತ್ತೆ ಕೇಳಬಹುದು.

ಒಂದು ಗಂಟೆಯ ಮಳೆಯನ್ನು ಮೂರು ಸಲ ಓಡಿಸಲು ಮುಕ್ಕಾಲು ಗಂಟೆ ಸಾಕು. ಯಂತ್ರವನ್ನು ತೀರ್ಥಪ್ರಸಾದ್ ಗಾಡಿಯಲ್ಲಿ ತರುತ್ತಾರೆ, ಕರೆಂಟ್ ಹೋದರೆ ಆಫೀಸಿನ ಜನರೇಟರ್ ಹಾಕಿಸುತ್ತೇನೆ ಎಂದಿದ್ದಾರೆ. ಮೈಸೂರಿನಿಂದ ಮಡಿಕೇರಿ ಬಸ್ ಹತ್ತಿ, ಕುಶಾಲನಗರ ದಾಟಿ ಸುಂಟಿಕೊಪ್ಪದಲ್ಲಿ ಇಳಿಯಿರಿ. ನಾನು ಬಸ್ ನಿಲ್ಲುವಲ್ಲೇ ಇರುತ್ತೇನೆ. ನನ್ನ ನಂಬರ್ ಕೆಳಗೆ ಬರೆದಿದ್ದೇನೆ. ತಡವಾದರೆ ಫೋನ್ ಮಾಡಿ, ಹದಿನೆಂಟಕ್ಕೆ ಭವನ ಖಾಲಿಯಾಗಬೇಕು, ಆ ದಿನ ದಾಟಿದರೆ ಇವರೆಲ್ಲ ಮತ್ತೆ ಬರೆಯ ಅಡಿಗೇ ಹೋಗುತ್ತಾರೆ.

ಆಗಸ್ಟ್ 17, ಭಾನುವಾರ, ಬೆಳಿಗ್ಗೆ ಹತ್ತೂವರೆ. ಗೋಡೌನಿನ ಮುಂದಿನ ಕಣದಲ್ಲಿ.

ಶೋಭಿತಾ